ಅಶ್ವಾರೋಹಿಗಳ ವೃತ್ತಿವಿಚಾರ

ಕುದುರೆಯನ್ನೇರಿ ಜೀವಿಸುವವನ ಜೀವನೋಪಾಯವು ಇತರ ವಿದ್ಯೋಪಜೀವಿಗಳ ಜೀವನೋಪಾಯದಂತಲ್ಲ. ವೈಣಿಕನಿಗೆ ವೀಣೆ ಬೇಕು. ಆದರೆ ಒಮ್ಮೆ ಕೊಂಡ ವೀಣೆಯು ನಿತ್ಯವೂ ಹುಲ್ಲು ಹುರುಳಿಗಳನ್ನು ಬೇಡುವುದಿಲ್ಲ. ಶಿಲ್ಪಿಗೆ ಉಳಿ ಬೇಕು; ಆದರೆ ಉಳಿಗೆ ರೋಗವಿಲ್ಲ. ಅಶ್ವಾರೋಹಿಯ ಸಾಧನವಾದರೋ ಪ್ರಾಣವುಳ್ಳದ್ದು. ಅದು ದುಡಿದ ದಿನವೂ ತಿನ್ನುವುದು, ದುಡಿಯದ ದಿನವೂ ತಿನ್ನುವುದು. ಸವಾರನ ವಿದ್ಯೆಯು ಪಕ್ವವಾಗುವ ವೇಳೆಗೆ ಅದಕ್ಕೆ ಮುಪ್ಪು ಅಡಸುವುದು. ಒಂದು ಕಾಲು ಮುರಿದರೆ ಅದರ ಬೆಲೆಯೆಲ್ಲವೂ ಒಂದು ಕ್ಷಣದಲ್ಲಿ ಹೋಗುವುದು. ಆದುದರಿಂದ ಸವಾರನು ತನ್ನ ಕಸುಬನ್ನು ಯಾವ ಹಣದಿಂದ ನಡೆಸುವನು ಎಂಬ ಪ್ರಶ್ನೆಯಲ್ಲಿ ಬೇರೆ ಎರಡು ಪ್ರಶ್ನೆಗಳು ಅಡಗಿವೆ. ಕುದುರೆ ಯಾರದು? ಅದು ಸತ್ತರೆ ನಷ್ಟ ಯಾರದು? ಕೌಟಿಲ್ಯನ ಕಾಲದಿಂದ ಇಂದಿನ ಒಲಿಂಪಿಕ್ ಪಂದ್ಯಗಳವರೆಗೆ ಸವಾರರಿಗಾಗಿ ಏರ್ಪಟ್ಟ ವ್ಯವಸ್ಥೆಗಳೆಲ್ಲವೂ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಆಗಿವೆ. ಆ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಶಬ್ದವಿಚಾರ

‘ವೃತ್ತಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಕಸುಬೆಂಬ ಅರ್ಥವೂ ಉಂಟು. ಕಸುಬುಳ್ಳವನ ಜೀವನಕ್ಕಾಗಿ ಬಿಟ್ಟ ಭೂಮಿ ಅಥವಾ ಆದಾಯವೆಂಬ ಅರ್ಥವೂ ಉಂಟು. ಒಂದೇ ಶಬ್ದದಲ್ಲಿ ಈ ಎರಡು ಅರ್ಥಗಳೂ ಕೂಡಿರುವುದು ವಿಚಾರಾರ್ಹವಾಗಿದೆ. ಆಧಾರವಿಲ್ಲದ ಕಸುಬು ನಿಲ್ಲದೆಂಬ ಲೋಕಾನುಭವವು ಇದರಲ್ಲಿ ಅಡಗಿದೆ ಎನ್ನಬಹುದು. ಅಶ್ವಾರೋಹಿಯ ವಿಷಯದಲ್ಲಿ ಈ ಮಾತು ಇತರರ ವಿಷಯಕ್ಕಿಂತ ಹೆಚ್ಚಾಗಿ ಸಲ್ಲುವುದು.

ಕುದುರೆ ಸವಾರನಿಗೆ ಕನ್ನಡದಲ್ಲಿ ಪ್ರಸಿದ್ಧವಾದ ಹೆಸರು ‘ರಾವುತ’. ಇದು ಸಂಸ್ಕೃತದ ‘ರಾಜಪುತ್ರ’ ಶಬ್ದವು ಪ್ರಾಕೃತದಲ್ಲಿ ‘ರಾಉತ್ತ’ ಎಂದಾಗಿ ಬಂದ ರೂಪ. ಕುದುರೆಯನ್ನು ಸಾಕಬಲ್ಲವನು ರಾಜವಂಶದವನು ಅಥವಾ ಅವನಿಗೆ ಸಮಾನನಾದ ಧನಿಕನು ಎಂಬುದನ್ನು ಆ ಹೆಸರೇ ಸೂಚಿಸುತ್ತದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಸಾಹಣಿ’ ಎಂಬ ಪದವಿಯು ಕಾಣಬರುತ್ತದೆ. ‘ಸಾಧನಿಕ’ ಎಂಬುದರ ತದ್ಭವವಾದ ಈ ಪದವು ಅರಸನ ಕುದುರೆಗಳ ಮೇಲ್ವಿಚಾರಕನಿಗೆ ಸಲ್ಲುತ್ತಿತ್ತು. ರಾವುತನ ಹೆಸರಿನಲ್ಲಿ ಸ್ವಂತ ಕುದುರೆಯ ನೆನಪೂ, ಸಾಹಣಿಯ ಹೆಸರಿನಲ್ಲಿ ಅರಸನ ಲಾಯದ ನೆನಪೂ ಉಳಿದುಕೊಂಡಿವೆ.

ಈ ಭೇದವನ್ನು ಇನ್ನೂ ಸ್ಫುಟವಾಗಿ ತೋರಿಸುವ ಎರಡು ಶಬ್ದಗಳು ಪಾರಸಿಯಿಂದ ಬಂದು ಮರಾಠಿ ಕನ್ನಡಗಳಲ್ಲಿ ನೆಲಸಿದವು. ಒಂದು ‘ಸಿಲೇದಾರ’; ಇನ್ನೊಂದು ‘ಬಾರಗೀರ’. ಸಿಲೇದಾರನೆಂದರೆ ಶಬ್ದಾರ್ಥದಿಂದ ಆಯುಧವುಳ್ಳವನು. ರೂಢಿಯಿಂದ, ಕುದುರೆಯನ್ನೂ ಆಯುಧವನ್ನೂ ತಾನೇ ತಂದು ಸೇವೆ ಮಾಡುವ ಸವಾರ. ಬಾರಗೀರನೆಂಬುದು ಮೂಲದಲ್ಲಿ ಹೊರೆ ಹೊರುವ ಪ್ರಾಣಿಯ ಹೆಸರು. ರೂಢಿಯಿಂದ, ಪರರ ಕುದುರೆಯನ್ನೇರಿ ಕೂಲಿಗಾಗಿ ದುಡಿಯುವ ಸವಾರನ ಹೆಸರಾಯಿತು. ಮುಂದಿನ ವಿಚಾರದಲ್ಲಿ ಈ ಎರಡು ಶಬ್ದಗಳೇ ಅಳತೆಗೋಲುಗಳಾಗಿರುವುವು.

೨. ಕೌಟಿಲ್ಯನ ಮತ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ತಾಳೆಯೋಲೆಯ ಆಧಾರದಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವೇ ಉಂಟು. ಎರಡನೆಯ ಅಧಿಕರಣದ ಮೂವತ್ತನೆಯ ಅಧ್ಯಾಯವದು. ಅಲ್ಲಿ ಕುದುರೆಗಳನ್ನು ಅವು ಬಂದ ಬಗೆಯಿಂದ ಮೊದಲು ವಿಭಾಗಿಸಿದೆ. ಮಾರಾಟಕ್ಕೆ ಬಂದುವು, ಕ್ರಯಕ್ಕೆ ಕೊಂಡುವು, ಯುದ್ಧದಲ್ಲಿ ಗೆದ್ದುವು, ಲಾಯದಲ್ಲಿಯೇ ಹುಟ್ಟಿದುವು, ಸಹಾಯಾರ್ಥವಾಗಿ ಬಂದುವು, ಒತ್ತೆಯಾಗಿ ನಿಂತುವು, ಅಲ್ಪಕಾಲಕ್ಕೆಂದು ಇರಿಸಿದುವು ಎಂದು ಏಳು ಬಗೆ. ಪ್ರತಿಯೊಂದರ ಕುಲ, ವಯಸ್ಸು, ಬಣ್ಣ, ಗುರುತು, ಬಂದ ಮೂಲ ಇವುಗಳನ್ನು ಲೆಕ್ಕದಲ್ಲಿ ಬರೆಯಿಸಬೇಕು. ಕುದುರೆಯ ಗುಣವಿಚಾರಕ್ಕಿಂತ ಮೊದಲು ಅದರ ಸ್ವತ್ತಿನ ವಿಚಾರವು ಬಂದಿರುವುದನ್ನು ಗಮನಿಸಬೇಕು.

ಆಹಾರದ ಲೆಕ್ಕವು ವಿಸ್ತಾರವಾಗಿದೆ. ಉತ್ತಮಾಶ್ವಕ್ಕೆ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಎಣ್ಣೆ ಅಥವಾ ತುಪ್ಪ, ಐದು ಪಲ ಉಪ್ಪು, ಐವತ್ತು ಪಲ ಮಾಂಸ. ಇದಲ್ಲದೆ ಮೊಸರು, ಬೆಲ್ಲದಂಥ ಸಿಹಿ, ಕುಡಿಸಲು ಸುರೆ ಅಥವಾ ಹಾಲು. ಸಾಮಾನ್ಯ ಗೃಹಸ್ಥನೊಬ್ಬನು ಇಂಥ ಪ್ರಾಣಿಯನ್ನು ಒಂದು ತಿಂಗಳಾದರೂ ಸಾಕಲಾರನೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುವುದು. ಅದಕ್ಕಾಗಿಯೇ ಅಶ್ವವಾಹನು ತಿಂಗಳಿನ ಪಡಿಯನ್ನು ರಾಜನ ಕೋಶದಿಂದಲೂ ಕೋಷ್ಠಾಗಾರದಿಂದಲೂ ಪಡೆದು ಕುದುರೆಯ ಯೋಗಕ್ಷೇಮವನ್ನು ನೋಡಬೇಕೆಂದು ವಿಧಿಸಿದೆ. ಕುದುರೆಯು ರಾಜನದು, ಮೇವು ರಾಜನದು, ಸವಾರನದು ವಿದ್ಯೆ ಮತ್ತು ಎಚ್ಚರ ಮಾತ್ರ. ಕುದುರೆಗೆ ಸ್ನಾನಾದಿಗಳನ್ನು ಮಾಡಿಸುವವರೂ ಹುಲ್ಲು ತರುವವರೂ ತಮ್ಮ ಕೆಲಸವನ್ನು ತಪ್ಪಿದರೆ ಆ ದಿನದ ಕೂಲಿಯನ್ನು ಕಳೆಯಬೇಕು. ಚಿಕಿತ್ಸೆಯ ಲೋಪದಿಂದ ರೋಗವು ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ವೈದ್ಯನ ಅಪರಾಧದಿಂದ ಕುದುರೆಗೆ ಹಾನಿಯಾದರೆ ಕುದುರೆಯ ಬೆಲೆಯೇ ದಂಡ. ತಪ್ಪಿದ್ದವನಿಗೆ ದಂಡವುಂಟು, ತಪ್ಪಿಲ್ಲದೆ ಸತ್ತ ಕುದುರೆಯ ನಷ್ಟವು ರಾಜನ ಪಾಲಿಗೆ ಉಳಿಯುವುದು.

ಐದನೆಯ ಅಧಿಕರಣದ ಭೃತ್ಯಭರಣೀಯ ಪ್ರಕರಣದಲ್ಲಿ ವೇತನಗಳನ್ನು ಹೇಳಿದೆ. ಅಶ್ವಾಧ್ಯಕ್ಷನಿಗೆ ೪,೦೦೦ ಪಣ. ಕುದುರೆಯನ್ನು ಪಳಗಿಸುವ ಅಶ್ವದಮಕನಿಗೆ ೨,೦೦೦ ಪಣ. ಶಿಕ್ಷಿತನಾದ ಕಾಲಾಳಿಗೆ ೫೦೦ ಪಣ. ಇವು ವಾರ್ಷಿಕ ವೇತನಗಳೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಅಶ್ವದಮಕನನ್ನು ಚಿಕಿತ್ಸಕ, ರಥಿಕ, ವರ್ಧಕಿ ಇವರ ಸಾಲಿನಲ್ಲಿಯೇ ಎಣಿಸಿದೆ. ಅವನ ವಿದ್ಯೆಗೆ ಕಾಲಾಳಿನ ವಿದ್ಯೆಯ ನಾಲ್ಕರಷ್ಟು ಬೆಲೆ. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿಧಿಯು ಆ ಪ್ರಕರಣದಲ್ಲಿಯೇ ಇದೆ. ಕೆಲಸದಲ್ಲಿರುವಾಗ ಸತ್ತವರ ಹೆಂಡಿರು ಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕು. ಬೊಕ್ಕಸದಲ್ಲಿ ಹಣವು ಕಡಮೆಯಾಗಿದ್ದರೆ ಅರಣ್ಯೋತ್ಪನ್ನ, ದನ, ಹೊಲಗಳನ್ನು ಕೊಟ್ಟು, ನಾಣ್ಯವನ್ನು ಸ್ವಲ್ಪವಾಗಿ ಕೊಡಬಹುದು. ಹೀಗೆ ಕುದುರೆಯ ಬೆಲೆ, ಸವಾರನ ಅನ್ನ, ಅವನು ಬಿದ್ದ ಮೇಲೆ ಅವನ ಮನೆಯವರ ಗತಿ ಎಂಬ ಮೂರನ್ನೂ ಕೌಟಿಲ್ಯನು ಒಂದೇ ಬೊಕ್ಕಸದ ಮೇಲೆ ಹೊರಿಸಿದನು. ಮುಂದಿನ ವ್ಯವಸ್ಥೆಗಳಲ್ಲಿ ಈ ಮೂರು ಭಾರಗಳು ಬೇರೆ ಬೇರೆಯವರ ಹೆಗಲಿಗೆ ಹೇಗೆ ಹೋದುವೆಂಬುದನ್ನು ನೋಡಬೇಕಾಗಿದೆ.

೩. ವಿಜಯನಗರದ ಪದ್ಧತಿ

ದಕ್ಷಿಣ ದೇಶದಲ್ಲಿ ಉತ್ತಮವಾದ ಕುದುರೆಗಳು ಹುಟ್ಟುವುದು ಅಪರೂಪ. ಆದುದರಿಂದ ಇಲ್ಲಿನ ಅರಸರು ಅರಬ್ ಪಾರಸಿಕ ದೇಶಗಳ ಕುದುರೆಗಳಿಗಾಗಿ ಅಪಾರವಾದ ದ್ರವ್ಯವನ್ನು ವ್ಯಯಿಸಿದರು. ಅಚ್ಯುತದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದು ವೃತ್ತಾಂತವನ್ನು ಬರೆದ ಪೋರ್ತುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸನು ಈ ವಿಷಯದಲ್ಲಿ ಅಮೂಲ್ಯವಾದ ಸಂಗತಿಗಳನ್ನು ತಿಳಿಸಿದ್ದಾನೆ. ರಾಬರ್ಟ್ ಸೂವೆಲನು ೧೯೦೦ರಲ್ಲಿ ಆ ವೃತ್ತಾಂತವನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದನು.

ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ಸಾವಿರ ಪರ್ದಾವುಗಳಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಬದುಕಿದ ಕುದುರೆಗೆ ಸಲ್ಲುವ ಬೆಲೆಯನ್ನೇ ಕೊಡುತ್ತಿದ್ದನೆಂದೂ ನೂನಿಸನು ಹೇಳುತ್ತಾನೆ. ಪರ್ದಾವೆಂಬುದು ಪೋರ್ತುಗೀಸರು ವರಹಕ್ಕೆ ಕೊಟ್ಟ ಹೆಸರು. ಬಾಲಕ್ಕೆ ಬೆಲೆ ಕೊಡುವುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಸಮುದ್ರದ ಅಪಾಯವನ್ನು ವ್ಯಾಪಾರಿಯ ಮೇಲೆಯೇ ಬಿಟ್ಟಿದ್ದರೆ ಅವನು ಕುದುರೆಯನ್ನು ತರುತ್ತಲೇ ಇರಲಿಲ್ಲ; ತಂದರೂ ಬದುಕಿದ ಕುದುರೆಯ ಮೇಲೆ ಸತ್ತ ಕುದುರೆಗಳ ಬೆಲೆಯನ್ನೂ ಹೇರುತ್ತಿದ್ದನು. ಅಪಾಯವನ್ನು ಹೊರಲು ಶಕ್ತನಾದವನೇ ಅದನ್ನು ಹೊತ್ತನು ಎಂಬುದು ಇದರ ತಾತ್ಪರ್ಯ.

ನಾಡೊಳಗಿನ ಸವಾರರಿಗೂ ಇದೇ ನ್ಯಾಯವನ್ನು ಅನುಸರಿಸಿದ್ದುದು ಕಾಣುತ್ತದೆ. ಅರಮನೆಯ ಕಾವಲಿಗಿದ್ದ ೬,೦೦೦ ಮಂದಿ ರಾವುತರಿಗೆ ರಾಯನು ಕುದುರೆಗಳನ್ನು ಉಚಿತವಾಗಿ ಕೊಟ್ಟು, ತಿಂಗಳು ತಿಂಗಳಿಗೆ ಅವುಗಳ ಪಡಿಯನ್ನೂ ಕೊಡುತ್ತಿದ್ದನು. ಪ್ರತಿಯೊಂದು ಕುದುರೆಯ ಮೇಲೂ ಅರಸನ ಮುದ್ರೆಯನ್ನು ಒತ್ತಿರುತ್ತಿತ್ತು. ಕುದುರೆ ಸತ್ತರೆ ಮುದ್ರೆಯುಳ್ಳ ಚರ್ಮದ ತುಂಡನ್ನು ತಂದು ಅಶ್ವಶಾಲೆಯ ಮುಖ್ಯಾಧಿಕಾರಿಗೆ ಒಪ್ಪಿಸಬೇಕು. ಆಗ ಬೇರೊಂದು ಕುದುರೆಯು ದೊರೆಯುವುದು. ಹೀಗೆ ಕೊಡುತ್ತಿದ್ದುವು ಹೆಚ್ಚಾಗಿ ನಾಡ ಕುದುರೆಗಳು. ಸಾವಿರ ಪರ್ದಾವುಗಳಿಗೆ ಹನ್ನೆರಡರಿಂದ ಹದಿನೈದು. ಅಂದರೆ ಒಂದರ ಬೆಲೆಯು ೬೭ರಿಂದ ೮೩ ಪರ್ದಾವುಗಳೊಳಗೆ ಇರುವುದು. ನರಸಿಂಹನು ಕೊಂಡ ವಿದೇಶೀ ಕುದುರೆಯೊಂದರ ಬೆಲೆಯಾದರೋ ೩೩೩ ಪರ್ದಾವುಗಳಿಗೆ ಹತ್ತಿರ. ಆ ಚರ್ಮದ ತುಂಡೇ ಸವಾರನ ಜೀವನಾಧಾರ. ಅದಿಲ್ಲದಿದ್ದರೆ ಕುದುರೆಯನ್ನು ಮಾರಿಕೊಂಡು ಸತ್ತಿತೆಂದು ಹೇಳುವುದಕ್ಕೂ, ಸತ್ತ ಕುದುರೆಗಾಗಿ ಸವಾರನು ನಿಷ್ಕಾರಣವಾಗಿ ಸಾಲಗಾರನಾಗುವುದಕ್ಕೂ ಅವಕಾಶವಿರುತ್ತಿತ್ತು. ದಿಲ್ಲಿಯಲ್ಲಿ ಅಲಾಉದ್ದೀನ್ ಖಿಲ್ಜಿಯು ತಂದು, ಅಕ್ಬರನು ಮತ್ತೆ ಜಾರಿಗೊಳಿಸಿದ ‘ದಾಗ್’ ಎಂಬ ಮುದ್ರಾಪದ್ಧತಿಯ ಪ್ರಯೋಜನವೂ ಇಂಥದೇ.

ಆದರೆ ಈ ಔದಾರ್ಯದ ಹಣವು ಎಲ್ಲಿಂದ ಬಂದಿತು? ರಾಯನು ವರ್ಷಕ್ಕೆ ೧೩,೦೦೦ ಹೊರ್ಮುಜಿನ ಕುದುರೆಗಳನ್ನೂ ನಾಡ ಕುದುರೆಗಳನ್ನೂ ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಆಯ್ದುಕೊಂಡು, ಉಳಿದ ನಾಡ ಕುದುರೆಗಳನ್ನು ಸಾವಿರ ಪರ್ದಾವುಗಳಿಗೆ ಐದರಂತೆ ನಾಯಕರಿಗೆ ಕೊಡುತ್ತಿದ್ದನು. ನಾಯಕರು ಸೆಪ್ಟೆಂಬರ್ ತಿಂಗಳೊಳಗೆ ಹಣವನ್ನು ಸಲ್ಲಿಸಬೇಕು. ಆ ಹಣದಿಂದಲೇ ಪೋರ್ತುಗೀಸರಿಗೆ ಅರಬ್ ಕುದುರೆಗಳ ಬೆಲೆಯು ಸಲ್ಲುವುದು. ಬೊಕ್ಕಸದಿಂದ ಏನೂ ಹೊರಡುತ್ತಿರಲಿಲ್ಲ. ಹನ್ನೆರಡು ಹದಿನೈದರಂತೆ ಕೊಂಡ ಜಾತಿಯ ಕುದುರೆಯನ್ನು ಐದರಂತೆ ಮಾರಿದರೆ ಉಳಿಯುವ ಲಾಭವೆಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ನಾಯಕನು ಆ ಹಣವನ್ನು ತನ್ನ ಅಮರದ ಭೂಮಿಯಿಂದ ಎತ್ತಬೇಕು. ಭೂಮಿಯ ಹಣವು ಒಕ್ಕಲಿನಿಂದ ಬರಬೇಕು. ಅರಮನೆಯ ರಾವುತನು ನಿಶ್ಚಿಂತನಾಗಿದ್ದುದಕ್ಕೆ ನೇಗಿಲು ಹಿಡಿದವನು ಬೆಲೆ ತೆತ್ತನು.

೪. ಸಿಲೇದಾರನೂ ಬಾರಗೀರನೂ

ಶಿವಾಜಿಯ ಸೈನ್ಯದಲ್ಲಿ ಎರಡು ಬಗೆಯ ಸವಾರರೂ ಇದ್ದರು. ಸರ್ಕಾರದ ಪಾಗೆಯ ಕುದುರೆಗಳನ್ನೇರುವ ಬಾರಗೀರರು ಇಪ್ಪತ್ತೈದು ಮಂದಿಗೆ ಒಬ್ಬ ಹವಾಲದಾರನೆಂದು ಸಭಾಸದನ ಬಖರಿನಲ್ಲಿ ಹೇಳಿದೆ. ಆ ಇಪ್ಪತ್ತೈದು ಕುದುರೆಗಳಿಗೆ ನೀರು ಹೊರುವವನೊಬ್ಬನೂ ನಾಲಬಂದನೊಬ್ಬನೂ ಇದ್ದರು. ಸಿಲೇದಾರರನ್ನು ಪಾಗೆಯ ಅಧಿಕಾರಿಗಳ ಅಂಕೆಯಲ್ಲಿ ಇರಿಸಿತ್ತು. ಬಾರಗೀರರ ಮೇಲೆ ಹೆಚ್ಚು ಭರವಸೆಯನ್ನಿಡಲು ಕಾರಣವುಂಟು. ಸಿಲೇದಾರನ ಸರ್ವಸ್ವವೂ ಅವನ ತೊಡೆಗಳ ನಡುವೆ ಇರುವುದು. ಶತ್ರುವಿನ ಗುಂಡು ತಗಲಿ ಕುದುರೆ ಬಿದ್ದರೆ ಅವನು ಅಂದಿನಿಂದ ಸವಾರನಲ್ಲ, ಕಾಲಾಳು. ಕೆಲವು ವೇಳೆ ಸಾಲಗಾರನು. ಹೀಗಿರಲು ಅವನು ಕುದುರೆಯನ್ನು ಅಪಾಯಕ್ಕೆ ಒಡ್ಡಲು ಹಿಂಜರಿದರೆ ಅದನ್ನು ಹೇಡಿತನವೆನ್ನುವುದು ನ್ಯಾಯವಲ್ಲ. ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸಿದ ವ್ಯವಸ್ಥೆಯ ದೋಷವದು.

ಮೈಸೂರಿನಲ್ಲಿ ಹೈದರಾಲಿಯ ಕಾಲದಲ್ಲಿಯೂ ಲಾಯದ ಸವಾರರೂ ಸಿಲೇದಾರರೂ ಬೇರೆ ಬೇರೆಯಾಗಿದ್ದರು. ೧೭೯೯ರ ಬಳಿಕ ದಿವಾನ್ ಪೂರ್ಣಯ್ಯನವರು ಸಂಸ್ಥಾನದ ಕುದುರೆ ದಂಡನ್ನು ಮುಖ್ಯವಾಗಿ ಸಿಲೇದಾರಿ ಪದ್ಧತಿಯಲ್ಲಿ ನಡೆಸಿದರು. ೧೮೦೭ರ ಅನುಬಂಧ ಕರಾರಿನಂತೆ ಸಂಸ್ಥಾನವು ಯಾವಾಗಲೂ ೪,೦೦೦ ಸವಾರರನ್ನು ಸಿದ್ಧವಾಗಿಡಬೇಕಾಯಿತು. ಅವರಲ್ಲಿ ಸುಮಾರು ೫೦೦ ಮಂದಿ ಬಾರಗೀರರು, ಉಳಿದವರು ಸಿಲೇದಾರರು. ರಾಜಕೀಯ ಪತ್ರವೊಂದರಲ್ಲಿಯೇ ಈ ಎರಡು ಹೆಸರುಗಳು ಸಂಖ್ಯೆಯೊಡನೆ ನಮೂದಾಗಿರುವುದರಿಂದ ಇವುಗಳ ಭೇದವು ಎಷ್ಟು ಮುಖ್ಯವಾಗಿತ್ತೆಂಬುದು ತಿಳಿಯುವುದು. ಎಂಟರಲ್ಲಿ ಏಳು ಪಾಲು ಕುದುರೆಗಳ ಬೆಲೆಯನ್ನು ಸವಾರರೇ ಒದಗಿಸಿದುದರಿಂದ ಸಂಸ್ಥಾನಕ್ಕೆ ಉಳಿತಾಯವಾಯಿತು. ಆದರೆ ಸಂಬಳವು ತಡವಾದಾಗ ಸಿಲೇದಾರನು ತನ್ನ ಹೊಟ್ಟೆಯೊಡನೆ ಕುದುರೆಯ ಹೊಟ್ಟೆಯನ್ನೂ ಸಾಲದಿಂದಲೇ ತುಂಬಬೇಕಾಗುತ್ತಿತ್ತು.

ಇಂಗ್ಲಿಷರ ಹಿಂದೂಸ್ಥಾನದ ಸೈನ್ಯವೂ ಈ ಪದ್ಧತಿಯನ್ನೇ ಸ್ವೀಕರಿಸಿ, ಅದಕ್ಕೆ ಒಂದು ಹೊಸ ರೂಪವನ್ನು ಕೊಟ್ಟಿತು. ಸೇರಬಯಸುವವನು ‘ಅಸಾಮಿ’ ಎಂಬ ಪಾಲಿನ ಹಣವನ್ನು ರೆಜಿಮೆಂಟಿನಲ್ಲಿ ಕಟ್ಟಬೇಕು. ಅದರಿಂದ ಕುದುರೆಯೂ ಜೀನು ಮೊದಲಾದ ಸಾಮಾನುಗಳೂ ದೊರೆಯುವುವು. ಸಂಬಳವು ಕಾಲಾಳಿನ ಸಂಬಳಕ್ಕಿಂತ ಹೆಚ್ಚು; ಆದರೆ ಕುದುರೆಯ ಮೇವೂ ತನ್ನ ಉಡುಪೂ ಅದರಿಂದಲೇ ನಡೆಯಬೇಕು. ಎಲ್ಲ ಸವಾರರೂ ತಿಂಗಳಿಗಿಷ್ಟೆಂದು ‘ಚಂದಾ’ ನಿಧಿಗೆ ಕೊಡುವರು. ಯಾರದಾದರೂ ಕುದುರೆ ಸತ್ತರೆ ಆ ನಿಧಿಯಿಂದ ಬೇರೊಂದು ಬರುವುದು. ಸೇವೆ ಬಿಡುವಾಗ ಅಸಾಮಿಯ ಹಣವು ಹಿಂದಕ್ಕೆ ಬರುವುದು. ಒಬ್ಬನೇ ಹಲವು ಅಸಾಮಿಗಳನ್ನು ಹೊಂದಿ, ಆ ಕುದುರೆಗಳ ಮೇಲೆ ಬಾರಗೀರರನ್ನು ಕೂರಿಸಿ, ಸಂಬಳದಲ್ಲಿ ಉಳಿದುದನ್ನು ತಾನು ತೆಗೆದುಕೊಳ್ಳುವ ಸಂಪ್ರದಾಯವೂ ಇತ್ತು. ಸವಾರರಲ್ಲಿಯೇ ಒಡೆಯನೂ ಆಳೂ ಹುಟ್ಟಿದ ಬಗೆ ಇದು.

ಚಂದಾ ನಿಧಿಯ ಕಲ್ಪನೆಯು ಶ್ಲಾಘ್ಯವಾದುದು. ಒಬ್ಬನಿಗೆ ಹೊರಲಾಗದ ನಷ್ಟವನ್ನು ನೂರಾರು ಮಂದಿ ಸ್ವಲ್ಪ ಸ್ವಲ್ಪವಾಗಿ ಹೊತ್ತರು. ಅಕಾಲಮರಣಗಳು ಅಲ್ಲೊಂದು ಇಲ್ಲೊಂದಾಗಿ ಸಂಭವಿಸುವವರೆಗೆ ಅದು ಚೆನ್ನಾಗಿ ನಡೆಯಿತು. ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧದಲ್ಲಿ ಕುದುರೆಗಳೂ ಸಾಮಾನುಗಳೂ ಒಟ್ಟೊಟ್ಟಿಗೆ ನಾಶವಾಗತೊಡಗಿದಾಗ ನಿಧಿಯು ಸಾಲದೆ ಹೋಯಿತು. ಯುದ್ಧಾನಂತರದ ಪುನರ್ವ್ಯವಸ್ಥೆಯಲ್ಲಿ, ೧೯೨೧ರ ಸುಮಾರಿಗೆ, ಸಿಲೇದಾರಿ ಪದ್ಧತಿಯು ಕೊನೆಗೊಂಡಿತು. ೧೮೯೨ರಲ್ಲಿ ಏರ್ಪಟ್ಟು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ ಮೈಸೂರು ಲ್ಯಾನ್ಸರ್ಸ್ ಪಡೆಯ ವೆಚ್ಚವು ಸಂಸ್ಥಾನದ ಮೇಲಿತ್ತು. ೧೯೫೩ರಲ್ಲಿ ಸಂಸ್ಥಾನಗಳ ಕುದುರೆ ದಂಡುಗಳನ್ನು ಸೇರಿಸಿ ರಚಿಸಿದ ೬೧ನೆಯ ಕ್ಯಾವಲ್ರಿಯಲ್ಲಿ ಕುದುರೆಗಳೆಲ್ಲವೂ ಸರ್ಕಾರದವು. ಹೀಗೆ ಸೈನ್ಯದ ಮಟ್ಟಿಗೆ ಎರಡು ಸಾವಿರ ವರ್ಷಗಳ ಬಳಿಕ ಕೌಟಿಲ್ಯನ ಮತವೇ ನೆಲೆಗೊಂಡಿತು.

೫. ಸೈನ್ಯದಿಂದ ಕ್ರೀಡೆಗೆ

ಯುದ್ಧದಲ್ಲಿ ಕುದುರೆಯ ಉಪಯೋಗವು ಅಳಿಯುತ್ತ ಬಂದ ಕಾಲದಲ್ಲಿಯೇ ಕ್ರೀಡೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆಧುನಿಕ ಒಲಿಂಪಿಕ್ ಪಂದ್ಯಗಳಲ್ಲಿ ೧೯೧೨ರ ಸ್ಟಾಕ್‌ಹೋಮ್ ಕೂಟದಿಂದ ಅಶ್ವಾರೋಹಣವು ವ್ಯವಸ್ಥಿತವಾಗಿ ನಡೆದುಬಂದಿದೆ. ಮೊದಲಲ್ಲಿ ಸ್ಪರ್ಧಿಗಳು ಬಹುಮಟ್ಟಿಗೆ ಸೇನಾಧಿಕಾರಿಗಳೇ. ಕುದುರೆ, ಲಾಯ, ಮೇವು, ಅಭ್ಯಾಸಕ್ಕೆ ಬೇಕಾದ ಬಿಡುವು ಎಲ್ಲವೂ ಸೈನ್ಯದಿಂದ ಒದಗುತ್ತಿದ್ದುವು. ಸವಾರಿಯನ್ನೇ ಕಸುಬನ್ನಾಗಿ ಮಾಡಿಕೊಂಡವನಿಗೆ ಪ್ರವೇಶವಿರಲಿಲ್ಲ. ಅಧಿಕಾರಿಯ ಪದವಿಯಿಲ್ಲದ ಸೈನಿಕನನ್ನೂ ಕಸುಬಿನವನೆಂದೇ ಎಣಿಸುತ್ತಿದ್ದರು.

ಈ ನಿಯಮದ ಫಲವು ೧೯೪೮ರ ಲಂಡನ್ ಕೂಟದಲ್ಲಿ ಕಂಡುಬಂದಿತು. ಕುದುರೆಯ ಶಿಕ್ಷಿತ ಗತಿಗಳನ್ನು ತೋರಿಸುವ ‘ಡ್ರೆಸಾಜ್’ ಪಂದ್ಯದಲ್ಲಿ ಸ್ವೀಡನ್ನಿನ ತಂಡವು ಸುವರ್ಣಪದಕವನ್ನು ಪಡೆಯಿತು. ತಂಡದವನಾದ ಯೇನೆಲ್ ಪೆರ್ಶನ್ ವಾಸ್ತವವಾಗಿ ಸಾರ್ಜೆಂಟ್; ಪಂದ್ಯಕ್ಕಾಗಿ ಅವನಿಗೆ ತಾತ್ಕಾಲಿಕವಾಗಿ ಅಧಿಕಾರಿಯ ಪದವಿಯನ್ನು ಕೊಟ್ಟು, ಅನಂತರ ಹಿಂದಕ್ಕೆ ತೆಗೆದುಕೊಂಡಿದ್ದರು. ಇದು ಹೊರಬಿದ್ದು ೧೯೪೯ರಲ್ಲಿ ಪದಕವು ರದ್ದಾಯಿತು. ನಿಯಮವು ಸಡಿಲವಾದ ಮೇಲೆ ಅದೇ ಪೆರ್ಶನ್, ಅದೇ ಸಂಗಡಿಗರೊಡನೆ, ೧೯೫೨ರಲ್ಲಿಯೂ ೧೯೫೬ರಲ್ಲಿಯೂ ಸುವರ್ಣಪದಕವನ್ನು ಗಳಿಸಿದನು. ಅವನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಕೂಲಿಗಾಗಿ ಸವಾರಿ ಮಾಡುವವನೆಂಬ ಮುದ್ರೆಯೊಂದೇ ಅವನನ್ನು ಹೊರಗಿರಿಸಿತ್ತು. ೧೯೫೨ರಿಂದ ಡ್ರೆಸಾಜ್ ಪಂದ್ಯದಲ್ಲಿ ಸ್ತ್ರೀಯರಿಗೂ ಪ್ರವೇಶ ದೊರೆತು, ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯು ರಜತಪದಕವನ್ನು ಪಡೆದಳು. ಬಾಗಿಲೇನೋ ತೆರೆಯಿತು, ಆದರೆ ಸೈನ್ಯದ ಲಾಯವನ್ನು ಬಿಟ್ಟು ಬಂದ ಸವಾರನಿಗೆ ಕುದುರೆಯನ್ನು ಕೊಡುವವರಾರೆಂಬ ಪ್ರಶ್ನೆಯು ಹೊಸದಾಗಿ ಹುಟ್ಟಿತು.

೬. ಜೂಜಿನ ಓಟದ ಸವಾರರು

ಈ ಪ್ರಶ್ನೆಯು ‘ಜಾಕಿ’ ಎಂಬ ಓಟದ ಸವಾರನಿಗೆ ಹುಟ್ಟುವುದಿಲ್ಲ. ಅವನು ಶುದ್ಧ ಬಾರಗೀರ. ಕುದುರೆ ಒಡೆಯನದು, ಅದನ್ನು ಶಿಕ್ಷಣಗಾರನು ತನ್ನ ಲಾಯದಲ್ಲಿ ಒಡೆಯನ ವೆಚ್ಚದಿಂದ ಸಾಕುವನು, ಜಾಕಿಯು ಕೆಲವು ನಿಮಿಷಗಳ ಕಾಲ ಅದನ್ನು ಏರುವನು. ಅವನ ಆದಾಯಕ್ಕೆ ಮೂರು ಮೂಲಗಳಿವೆ. ಮೊದಲನೆಯದು, ಗೆದ್ದರೂ ಸೋತರೂ ಸಲ್ಲುವ ಸವಾರಿಯ ಕೂಲಿ. ಎರಡನೆಯದು, ಗೆದ್ದ ಪಣದಲ್ಲಿ ಒಂದು ಪಾಲು. ಅಮೆರಿಕಾ ದೇಶದಲ್ಲಿ ಗೆದ್ದ ಕುದುರೆಯ ಪಾಲಿಗೆ ಬಂದ ಹಣದಲ್ಲಿ ನೂರಕ್ಕೆ ಹತ್ತು ಎಂಬುದು ರೂಢಿ. ಮೂರನೆಯದು, ತನ್ನ ಕುದುರೆಗಳನ್ನೇ ಮೊದಲು ಏರಬೇಕೆಂದು ಒಡೆಯನೊಬ್ಬನು ವರ್ಷಕ್ಕಿಷ್ಟೆಂದು ಕೊಡುವ ಗೊತ್ತಾದ ಹಣ. ಮೊದಲೆರಡು ಮೂಲಗಳು ದಿನಗೂಲಿಗೆ ಸಮಾನ. ಮೂರನೆಯದು ಮಾತ್ರವೇ ಹಳೆಯ ಅರ್ಥದ ವೃತ್ತಿಗೆ ಹತ್ತಿರವಾದುದು, ಮತ್ತು ಅದು ಕೆಲವರಿಗೆ ಮಾತ್ರ ಲಭ್ಯ. ಅಮೆರಿಕೆಯಲ್ಲಿ ಸವಾರಿಗಳನ್ನು ಒದಗಿಸಿಕೊಡುವ ದಲ್ಲಾಳಿಗೆ ಜಾಕಿಯ ಗಳಿಕೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಹೋಗುವುದು. ಓಟಗಳ ಪಣದ ಹಣಕ್ಕೆ ಜೂಜಾಡುವವರ ಹಣವೇ ಒಂದು ಮುಖ್ಯ ಮೂಲ. ಬ್ರಿಟನ್ನಿನಲ್ಲಿ ಜೂಜಿನ ವ್ಯಾಪಾರಿಗಳಿಂದ ತೆರೆಯನ್ನು ಎತ್ತಿ ಓಟಗಳಿಗೆ ಕೊಡಲು ೧೯೬೧ರಲ್ಲಿ ಒಂದು ಮಂಡಲಿಯು ಏರ್ಪಟ್ಟಿತು. ಆದರೆ ಆ ಹಣದಿಂದ ಬದುಕುವ ಜಾಕಿಯು ತಾನು ಜೂಜಾಡುವಂತಿಲ್ಲ. ಓಟದ ನಿಯಮಗಳು ಅದನ್ನು ನಿಷೇಧಿಸಿವೆ.

ಕುದುರೆಯ ಸಾವಿನ ನಷ್ಟವು ಜಾಕಿಯದಲ್ಲ. ಅವನ ನಷ್ಟವು ಅವನ ಎಲುಬುಗಳದು. ಬ್ರಿಟನ್ನಿನಲ್ಲಿ ಟಿಮ್ ಬ್ರೂಕ್‌ಶಾ, ಪ್ಯಾಡಿ ಫ್ಯಾರೆಲ್ ಎಂಬ ಇಬ್ಬರು ಜಾಕಿಗಳು ೧೯೬೩ರ ಡಿಸೆಂಬರ್‌ನಿಂದ 1೯೬೪ರ ಗ್ರಾಂಡ್ ನ್ಯಾಷನಲ್ ಓಟದವರೆಗಿನ ಕೆಲವೇ ತಿಂಗಳುಗಳಲ್ಲಿ ಬಿದ್ದು ಅಂಗಹೀನರಾದಾಗ ಅವರಿಗೆ ಆಧಾರವೇ ಇರಲಿಲ್ಲ. ಅವರಿಗಾಗಿ ಸಂಗ್ರಹವಾದ ಹಣದಿಂದ ೧೯೬೪ರಲ್ಲಿ ಹುಟ್ಟಿದ ನಿಧಿಯು ಇಂದು ಗಾಯಗೊಂಡ ಜಾಕಿಗಳ ಧರ್ಮಸಂಸ್ಥೆಯಾಗಿ ಬೆಳೆದಿದೆ. ಸತ್ತವರ ಮನೆಯವರಿಗೆ ಅನ್ನವೇತನಗಳನ್ನು ವಿಧಿಸಿದ ಕೌಟಿಲ್ಯನ ಮಾತು ಇಲ್ಲಿ ನೆನಪಿಗೆ ಬರುವುದು. ಆದರೆ ಅಲ್ಲಿ ಅದು ರಾಜನ ಕರ್ತವ್ಯ, ಇಲ್ಲಿ ಲೋಕದ ಔದಾರ್ಯ.

೭. ಕ್ರೀಡಾಶ್ವಾರೋಹಿಯ ಉಪಾಯಗಳು

ಒಲಿಂಪಿಕ್ ಮುಂತಾದ ಕ್ರೀಡೆಗಳ ಸವಾರನ ಸ್ಥಿತಿಯು ಇದಕ್ಕಿಂತ ಜಟಿಲವಾಗಿದೆ. ಅವನು ಒಂದೇ ಕುದುರೆಯೊಡನೆ ವರ್ಷಗಟ್ಟಲೆ ಅಭ್ಯಾಸ ಮಾಡಬೇಕು. ಬಹುಮಾನದ ಹಣದಿಂದ ಅದರ ವೆಚ್ಚವು ಹುಟ್ಟುವುದು ವಿರಳ. ಇಂಥವರು ಅನುಸರಿಸುವ ಉಪಾಯಗಳನ್ನು ಐದಾಗಿ ವಿಂಗಡಿಸಬಹುದು. ಮನೆತನದ ಹಣದಿಂದ ಕುದುರೆಯನ್ನು ಕೊಳ್ಳುವುದು ಒಂದು. ಇತರರಿಗೆ ಸವಾರಿಯನ್ನು ಕಲಿಸುವುದೂ ಪರರ ಕುದುರೆಗಳನ್ನು ಪಳಗಿಸುವುದೂ ಎರಡನೆಯದು. ಇದು ಅಶ್ವದಮಕನ ಕೆಲಸವೇ ಆಗಿದೆ. ಎಳೆಯ ಕುದುರೆಯನ್ನು ಅಗ್ಗವಾಗಿ ಕೊಂಡು, ಶಿಕ್ಷಿಸಿ, ಹೆಚ್ಚಿನ ಬೆಲೆಗೆ ಮಾರುವುದು ಮೂರನೆಯದು. ಒಡೆಯನೊಬ್ಬನ ಅಥವಾ ಪಾಲುಗಾರರ ಕುದುರೆಯನ್ನು ಏರುವುದು ನಾಲ್ಕನೆಯದು. ಸರ್ಕಾರದ ಅಥವಾ ವ್ಯಾಪಾರ ಸಂಸ್ಥೆಯ ಪೋಷಣೆಯನ್ನು ಪಡೆಯುವುದು ಐದನೆಯದು. ಇವುಗಳಲ್ಲಿ ಮೂರನೆಯದು ಅತ್ಯಂತ ಕ್ಲೇಶಕರವಾದುದು. ಚೆನ್ನಾಗಿ ಕಲಿತ ಕುದುರೆಯನ್ನು ಮಾರಿದರೆ ಹಣವು ಬರುವುದು, ಕೀರ್ತಿಯ ಸಾಧನವು ಹೋಗುವುದು. ಮಾರದಿದ್ದರೆ ಸಾಧನವು ಉಳಿಯುವುದು, ಲಾಯಕ್ಕೆ ಹುಲ್ಲು ಉಳಿಯದು.

ನಾಲ್ಕನೆಯ ಉಪಾಯದ ಎರಡು ಮುಖಗಳಿಗೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಹಾಲೆಂಡಿನ ಎಡ್ವರ್ಡ್ ಗಾಲ್ ಎಂಬುವನು ‘ಟೋಟಿಲಾಸ್’ ಎಂಬ ಕಪ್ಪು ಕುದುರೆಯನ್ನೇರಿ ೨೦೧೦ರಲ್ಲಿ ಅಮೆರಿಕೆಯ ಕೆಂಟಕಿಯಲ್ಲಿ ನಡೆದ ವಿಶ್ವಕೂಟದಲ್ಲಿ ಮೂರು ಸುವರ್ಣಪದಕಗಳನ್ನು ಗೆದ್ದನು. ಅದೇ ತಿಂಗಳು ಒಡೆಯರು ಕುದುರೆಯನ್ನು ಜರ್ಮನಿಯ ವ್ಯಾಪಾರಿಗೆ ಮಾರಿದರು, ಬೇರೊಬ್ಬನು ಅದನ್ನೇರಿದನು. ಹೊಸ ಸವಾರನ ಕೈಯಲ್ಲಿ ಕುದುರೆಗೆ ಮೊದಲಿನ ಯಶಸ್ಸು ದೊರೆಯಲಿಲ್ಲ; ಗಾಲನಿಗೆ ಅಂಥ ಕುದುರೆ ದೊರೆಯಲಿಲ್ಲ. ಒಡೆಯರಿಗೆ ಮಾರುವ ಹಕ್ಕು ಇತ್ತು. ಸವಾರನ ವರ್ಷಗಳ ಶ್ರಮಕ್ಕೆ ಕುದುರೆಯಲ್ಲಿ ಹಕ್ಕು ಇರಲಿಲ್ಲ. ಇದಕ್ಕೆ ವಿರುದ್ಧವಾದುದು ಇಂಗ್ಲೆಂಡಿನ ‘ವಲೇಗ್ರೋ’ ಎಂಬ ಕುದುರೆಯ ಕಥೆ. ೨೦೧೨ರ ಲಂಡನ್ ಕೂಟದಲ್ಲಿ ಅದನ್ನೇರಿ ಎರಡು ಸುವರ್ಣಪದಕಗಳನ್ನು ಪಡೆದ ಷಾರ್ಲಟ್ ದುಜಾರ್ಡಿನ್ ಅದರ ಒಡತಿಯಲ್ಲ. ಆಕೆಯ ಗುರುವಾದ ಕಾರ್ಲ್ ಹೆಸ್ಟರನೇ ಒಡೆಯರಲ್ಲಿ ಒಬ್ಬನು. ಗುರುವೇ ಪಾಲುಗಾರನಾಗಿದ್ದುದರಿಂದ ಕುದುರೆಯು ಆಕೆಯ ಕೈಯಲ್ಲಿಯೇ ಉಳಿದು, ೨೦೧೬ರಲ್ಲಿ ಕೀರ್ತಿಯೊಡನೆ ನಿವೃತ್ತಿಯನ್ನು ಹೊಂದಿತು. ಒಡೆಯರಲ್ಲಿ ವಿದ್ಯೆಯನ್ನು ಬಲ್ಲವನೊಬ್ಬನಿರುವುದೇ ಬಾರಗೀರನಿಗೆ ದೊಡ್ಡ ರಕ್ಷಣೆ.

ಐದನೆಯ ಉಪಾಯದಲ್ಲಿ ಹಳೆಯ ಮುದ್ರೆಯು ಹೊಸ ವೇಷದಲ್ಲಿ ಕಾಣುವುದು. ೧೯೭೦ರ ಬಳಿಕ ಇಂಗ್ಲೆಂಡಿನ ಹಾರ್ವಿ ಸ್ಮಿತ್ ಎಂಬ ಸವಾರನ ಕುದುರೆಗಳಿಗೆ ಸಾನ್ಯೋ ಎಂಬ ವಿದ್ಯುದುಪಕರಣ ಸಂಸ್ಥೆಯ ಹೆಸರನ್ನೇ ಸೇರಿಸಿ ಕರೆದರು. ಒಂದಕ್ಕೆ ‘ಸಾನ್ಯೋ ಮ್ಯೂಸಿಕ್ ಸೆಂಟರ್’ ಎಂದು ಹೆಸರು. ರಾಯನ ಮುದ್ರೆಯು ಚರ್ಮದ ಮೇಲಿತ್ತು. ವರ್ತಕನ ಮುದ್ರೆಯು ಹೆಸರಿನಲ್ಲಿದೆ.

ಭಾರತದ ನಿದರ್ಶನಗಳೂ ಇದನ್ನೇ ಹೇಳುವುವು. ೧೯೮೨ರಲ್ಲಿ ದಿಲ್ಲಿಯ ಏಷ್ಯಾ ಕೂಟದಲ್ಲಿ ವೈಯಕ್ತಿಕ ಸುವರ್ಣಪದಕವನ್ನು ಗೆದ್ದ ರಘುವೀರ ಸಿಂಗ್ ಸೈನಿಕರು. ಅನಂತರ ಮೂವತ್ತಾರು ವರ್ಷಗಳವರೆಗೆ ಏಷ್ಯಾ ಕೂಟದಲ್ಲಿ ವೈಯಕ್ತಿಕ ಪದಕವು ಬರಲಿಲ್ಲ. ೨೦೧೮ರಲ್ಲಿ ಜಕಾರ್ತದಲ್ಲಿ ಬೆಂಗಳೂರಿನವರಾದ ಫವಾದ್ ಮಿರ್ಜಾ ರಜತಪದಕವನ್ನು ತಂದರು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ೨೩ನೆಯವರಾದರು. ಅವರು ಏರಿದ ‘ಸೇನ್ಯರ್ ಮೆಡಿಕಾಟ್’ ಎಂಬ ಕುದುರೆಯು ಬೆಂಗಳೂರಿನ ಎಂಬೆಸಿ ಸಂಸ್ಥೆಯದು. ಅಭ್ಯಾಸವು ನಡೆದುದು ಜರ್ಮನಿಯಲ್ಲಿ. ಉತ್ತಮಾಶ್ವಗಳು ಹೊರದೇಶದಿಂದಲೇ ಬರಬೇಕೆಂಬ ವಿಜಯನಗರದ ಕಾಲದ ಸ್ಥಿತಿಯು ಬದಲಾಗಿಲ್ಲ. ಕೊಳ್ಳುವವನು ಮಾತ್ರ ಬದಲಾಗಿದ್ದಾನೆ. ೨೦೨೩ರ ಹಾಂಗ್‌ಜೋ ಕೂಟದಲ್ಲಿ ಡ್ರೆಸಾಜ್ ತಂಡವು ಸುವರ್ಣಪದಕವನ್ನು ಪಡೆದಾಗಲೂ ಸವಾರರು ಯೂರೋಪಿನಲ್ಲಿ ನೆಲಸಿ ಅಭ್ಯಾಸ ಮಾಡಿದವರೇ ಆಗಿದ್ದರು.

೮. ಸಿದ್ಧಾಂತ

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶಗಳಿಷ್ಟು. ಸವಾರನ ವಿದ್ಯೆಯು ಎಷ್ಟೇ ಉತ್ಕೃಷ್ಟವಾಗಿದ್ದರೂ ಅವನ ಕಸುಬಿನ ಆಯುಸ್ಸನ್ನು ನಿರ್ಣಯಿಸುವುದು ಕುದುರೆಯ ಸ್ವತ್ತು. ಸ್ವಂತ ಕುದುರೆಯುಳ್ಳ ಸಿಲೇದಾರನು ಸ್ವತಂತ್ರನು. ಆದರೆ ಒಂದು ಸಾವಿನಿಂದ ನಿರ್ಗತಿಕನಾಗುವನು. ಪರರ ಕುದುರೆಯ ಬಾರಗೀರನು ಆ ಸಾವಿನಿಂದ ಸುರಕ್ಷಿತನು. ಆದರೆ ಒಂದು ಮಾರಾಟದಿಂದ ನಿರಾಯುಧನಾಗುವನು. ಇವೆರಡರ ನಡುವೆ ಮಧ್ಯಮಮಾರ್ಗವನ್ನು ಹುಡುಕಿದ ವ್ಯವಸ್ಥೆಗಳೇ ಹೆಚ್ಚು ಕಾಲ ಬಾಳಿದುವು. ವಿಜಯನಗರದ ಚರ್ಮದ ತುಂಡು, ರೆಜಿಮೆಂಟಿನ ಚಂದಾ, ಇಂದಿನ ವಿಮೆ, ಪಾಲುಗಾರಿಕೆ ಇವುಗಳೆಲ್ಲ ನಷ್ಟವನ್ನು ಹಂಚುವ ಉಪಾಯಗಳು. ಒಲಿಂಪಿಕ್ ಕೂಟದ ವರ್ಷಾರಂಭದ ವೇಳೆಗೆ ಕುದುರೆಯ ಒಡೆಯನು ಸವಾರನ ದೇಶದವನೇ ಆಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮವು ಕೂಟದ ಹೊಸ್ತಿಲಲ್ಲಿ ಕುದುರೆಯು ವಿದೇಶಕ್ಕೆ ಮಾರಾಟವಾಗುವುದನ್ನು ಸ್ವಲ್ಪಮಟ್ಟಿಗೆ ತಡೆಯುವುದು.

ಆದುದರಿಂದ ಅಶ್ವಾರೋಹಣವನ್ನು ಕಸುಬಾಗಿ ಕೈಕೊಳ್ಳುವವನೂ, ಅವನನ್ನು ಪೋಷಿಸಬಯಸುವವನೂ, ಮೊದಲೇ ಮೂರು ವಿಷಯಗಳನ್ನು ಪತ್ರದಲ್ಲಿ ನಿಶ್ಚಯಿಸಿಕೊಳ್ಳುವುದು ಯುಕ್ತ. ಕುದುರೆ ಸತ್ತರೆ ಅಥವಾ ಕುಂಟಾದರೆ ನಷ್ಟವು ಯಾರದು. ಕುದುರೆಯನ್ನು ಮಾರಿದರೆ ಅದನ್ನು ಶಿಕ್ಷಿಸಿದ ಸವಾರನಿಗೆ ಸಲ್ಲುವ ಪಾಲೇನು. ಸವಾರನು ಬಿದ್ದು ಕೈಲಾಗದವನಾದರೆ ಅವನ ಮನೆಯವರ ಅನ್ನಕ್ಕೆ ದಾರಿಯೇನು. ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಕೌಟಿಲ್ಯನು ಉತ್ತರ ಹೇಳಿದ್ದಾನೆ. ಎರಡನೆಯದು ಅವನ ಕಾಲದಲ್ಲಿ ಹುಟ್ಟಲು ಅವಕಾಶವಿರಲಿಲ್ಲ. ಇಂದಿನ ಸವಾರನಿಗೆ ಅದೇ ಮೂರರಲ್ಲಿ ಗುರುತರವಾದುದು. ಈ ಮೂರಕ್ಕೂ ಉತ್ತರವಿರುವ ಕಡೆ ಸವಾರಿಯು ವೃತ್ತಿಯೆಂಬ ಶಬ್ದದ ಎರಡು ಅರ್ಥಗಳಿಗೂ ಪಾತ್ರವಾಗುವುದು. ಇಲ್ಲದ ಕಡೆ ಅದು ಧನಿಕರ ವಿನೋದವಾಗಿಯೇ ಉಳಿಯುವುದು.